ಮೊದಲು ಬಸ್ಸಿನ ವೇಳೆ, ಆಮೇಲೆ ಜಮೀನು: ಬೆಳಗಾವಿಯಂಥ ಊರಿನಲ್ಲಿ ಬಡವರ ಮನೆಗಳನ್ನು ಯೋಜಿಸುವ ಬಗೆ

ಬಡವರಿಗೆ ಮನೆ ಕಟ್ಟಿಸಲು ಹೊರಟ ಸ್ಥಳೀಯ ಸಂಸ್ಥೆ ಸಾಮಾನ್ಯವಾಗಿ ಮೊದಲು ಹುಡುಕುವುದು ಸರ್ಕಾರಿ ಜಮೀನನ್ನು. ಅದು ಸಿಗುವುದು ಊರ ಹೊರಗೆ, ಗುಡ್ಡದ ಬದಿಗೆ ಅಥವಾ ಗೈರಾಣದಲ್ಲಿ (ಗೋಮಾಳದಲ್ಲಿ). ಮನೆಗಳು ಎದ್ದ ಮೇಲೆ ಬಸ್ಸು ಬಿಡಿ ಎಂದು ಸಾರಿಗೆ ಸಂಸ್ಥೆಗೆ ಪತ್ರ ಹೋಗುತ್ತದೆ. ಜಿ ಪ್ಲಸ್ 3, ಅಂದರೆ ನೆಲಮಹಡಿಯ ಮೇಲೆ ಮೂರು ಮಹಡಿಗಳ ಮಾದರಿಯ ಇಂಥ ಒಂದು ವಸತಿ ಸಮುಚ್ಚಯವನ್ನು ನಾನು ನೋಡಿದ್ದೇನೆ. ಹಕ್ಕುಪತ್ರ ಪಡೆದವರಲ್ಲಿ ಹಲವರು ಮನೆಗೆ ಬೀಗ ಹಾಕಿ, ಊರೊಳಗಿನ ಹಳೆಯ ಬಾಡಿಗೆ ಕೋಣೆಗೇ ಮರಳಿದ್ದರು. ಮೆಟ್ಟಿಲ ಬುಡದಲ್ಲಿ ಜಾಲಿ ಬೆಳೆದಿತ್ತು. ಆದ್ದರಿಂದ ಈ ಕ್ರಮವನ್ನು ತಿರುಗಿಸಿ, ಮೊದಲು ಬಸ್ಸಿನ ವೇಳೆಯನ್ನೂ ಅನಂತರ ನಡಿಗೆಯ ದಾರಿಯನ್ನೂ ಕೊನೆಗೆ ಜಮೀನನ್ನೂ ನೋಡುವುದು ಒಳ್ಳೆಯದು.

ಬೆಳಗಾವಿಯಲ್ಲಿ ಮೆಟ್ರೊ ಇಲ್ಲ; ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗಿರುವಂಥ ಪ್ರತ್ಯೇಕ ಪಥವೂ ಇಲ್ಲ. ಇಲ್ಲಿ ಸಾರ್ವಜನಿಕ ಸಾರಿಗೆ ಎಂದರೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ನಗರ ಬಸ್ಸು, ಸುತ್ತಲಿನ ಹಳ್ಳಿಗಳಿಗೆ ಹೋಗಿಬರುವ ಕೆಂಪು ಬಸ್ಸು ಮತ್ತು ಅವೆರಡೂ ಬಾರದ ಹೊತ್ತಿನಲ್ಲಿ ಟಂಟಂ, ಅಂದರೆ ಹಂಚಿಕೊಂಡು ಹೋಗುವ ಆಟೊ. ನಕ್ಷೆಯಲ್ಲಿ ರೈಲು ನಿಲ್ದಾಣ ಕಂಡಿತೆಂದು ದೇಸೂರು, ಸಾಂಬ್ರಾಗಳ ಸುತ್ತ ವೃತ್ತ ಎಳೆಯುವ ಆಸೆ ಕೆಲವರಿಗೆ ಬರುತ್ತದೆ. ದಿನಕ್ಕೆ ಕೆಲವೇ ಪ್ಯಾಸೆಂಜರ್ ಗಾಡಿಗಳು ನಿಲ್ಲುವ ನಿಲ್ದಾಣವನ್ನು ನಂಬಿ ನಿತ್ಯದ ಕೂಲಿಗೆ ಹೋಗಿಬರಲು ಆಗುವುದಿಲ್ಲ.

ಹೀಗಾಗಿ ಮೊದಲ ಕೆಲಸ ಡಿಪೋದಲ್ಲಿದೆ. ಪ್ರತಿಯೊಂದು ಮಾರ್ಗದ ಶೆಡ್ಯೂಲ್ ಪಡೆದು, ಪ್ರತಿ ನಿಲ್ದಾಣದ ಎದುರಿಗೆ ಬೆಳಗಿನ ಮೊದಲ ಬಸ್ಸಿನ ವೇಳೆ, ರಾತ್ರಿಯ ಕೊನೆಯ ಬಸ್ಸಿನ ವೇಳೆ ಮತ್ತು ಮಧ್ಯಾಹ್ನ ಎರಡು ಬಸ್ಸುಗಳ ನಡುವೆ ಎಷ್ಟು ನಿಮಿಷ ಕಾಯಬೇಕು ಎಂಬುದನ್ನು ಬರೆದುಕೊಳ್ಳಬೇಕು. ಇವುಗಳಲ್ಲಿ ಕೊನೆಯ ಬಸ್ಸಿಗೇ ಹೆಚ್ಚಿನ ತೂಕ ಕೊಡಬೇಕೆಂದು ನನ್ನ ಅಭಿಪ್ರಾಯ. ಉದ್ಯಮಬಾಗದ ಫೌಂಡ್ರಿಯಲ್ಲಿ ಎರಡನೇ ಪಾಳಿ ಮುಗಿಸಿ ಹೊರಬಂದವನಿಗೆ, ಹಗಲೆಲ್ಲ ಹತ್ತು ನಿಮಿಷಕ್ಕೊಂದು ಬಸ್ಸಿದ್ದು ರಾತ್ರಿ ಒಂದೂ ಇಲ್ಲದಿದ್ದರೆ, ಆ ಮಾರ್ಗದಿಂದ ಏನೂ ಉಪಯೋಗವಿಲ್ಲ. ಹಳ್ಳಿಯಲ್ಲಿ ರಾತ್ರಿ ತಂಗಿ ನಸುಕಿನಲ್ಲಿ ಊರಿಗೆ ಹೊರಡುವ ವಸ್ತಿ ಬಸ್ಸನ್ನೂ ಪಟ್ಟಿಯಲ್ಲಿ ಗುರುತಿಸಿಕೊಳ್ಳಬೇಕು; ತರಕಾರಿ ಮಾರುವವರು ಮತ್ತು ಮನೆಗೆಲಸದವರು ನೆಚ್ಚಿಕೊಂಡಿರುವುದು ಅದನ್ನೇ.

ಖರ್ಚಿನ ಲೆಕ್ಕವನ್ನೂ ಇದೇ ಹಂತದಲ್ಲಿ ಮಾಡಬೇಕು. ಉದಾಹರಣೆಗೆ, ಒಬ್ಬನು ಟಂಟಂಗೆ ಹೋಗಲು 20, ಬರಲು 20 ರೂಪಾಯಿ ಕೊಟ್ಟು ತಿಂಗಳಿಗೆ 25 ದಿನ ದುಡಿದರೆ 1,000 ರೂಪಾಯಿ ಆಯಿತು. ಮನೆಯಲ್ಲಿ ಇಬ್ಬರು ದುಡಿದರೆ 2,000. ಮನೆಯ ಕಂತಿಗೆ ಆಗಬಹುದಾಗಿದ್ದ ಹಣ ಹೀಗೆ ದಾರಿಯಲ್ಲೇ ಮುಗಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಬಸ್ಸು ಬರುವ ಕಡೆ ಮನೆ ಸಿಕ್ಕ ಹೆಣ್ಣುಮಕ್ಕಳಿಗೆ ಈ ಖರ್ಚು ಪೂರ್ತಿ ಉಳಿಯುತ್ತದೆ, ಬಾರದ ಕಡೆ ಸಿಕ್ಕವರಿಗೆ ಉಚಿತ ಟಿಕೆಟ್ಟೇ ಕೈಗೆ ಬರುವುದಿಲ್ಲ.

ಎರಡನೆಯದು ನಡಿಗೆ. ಕೇಂದ್ರ ಸರ್ಕಾರ 2017ರಲ್ಲಿ ಪ್ರಕಟಿಸಿದ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯು ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ ಪ್ರದೇಶವನ್ನು ಪ್ರಭಾವ ವಲಯವೆಂದು ಕರೆಯುತ್ತದೆ. 500 ಮೀಟರಿನ ವೃತ್ತದೊಳಗೆ ಸುಮಾರು 194 ಎಕರೆ ಬರುತ್ತದೆ. ಕಾಗದದ ಮೇಲೆ ಇದು ಬಹಳ. ಆದರೆ ಜನ ವೃತ್ತದಲ್ಲಿ ನಡೆಯುವುದಿಲ್ಲ, ದಾರಿಯಲ್ಲಿ ನಡೆಯುತ್ತಾರೆ. ಟಿಳಕವಾಡಿಯ ಕಡೆ ರೈಲು ಹಳಿಯ ಆಚೆಗಿನ ನಿಲ್ದಾಣ ಕಣ್ಣಿಗೆ ಹತ್ತಿರವೇ ಕಂಡರೂ, ಗೇಟ್ ಇರುವಲ್ಲಿಗೆ ಬಳಸಿ ಹೋಗಿ, ಅದು ಹಾಕಿದ್ದರೆ ಕಾದು ದಾಟಬೇಕು. ಆದ್ದರಿಂದ ವಾರ್ಡಿನ ಎಂಜಿನಿಯರ್ ನಿಜವಾಗಿಯೂ ನಡೆದು ನೋಡಬೇಕು, ಅದೂ ಜುಲೈ ತಿಂಗಳಲ್ಲಿ. ಸಹ್ಯಾದ್ರಿಯ ಮಗ್ಗುಲಿನ ಈ ಊರಿನಲ್ಲಿ ಮಳೆ ಹಿಡಿದು ಕೂತರೆ, ಮಾರ್ಚಿನಲ್ಲಿ ಏಳು ನಿಮಿಷ ಹಿಡಿಯುವ ಕೆಸರು ದಾರಿ ಮಗುವನ್ನು ಎತ್ತಿಕೊಂಡ ತಾಯಿಗೆ ಇಪ್ಪತ್ತು ನಿಮಿಷದ್ದಾಗುತ್ತದೆ. ಪಶ್ಚಿಮಕ್ಕೆ ಬಾಯಿ ತೆರೆದ ಬಸ್ ತಂಗುದಾಣಗಳಲ್ಲಿ ಜನ ಬೆಂಚಿನ ಮೇಲೆ ಕೂಡದೆ ಹಿಂಗೋಡೆಗೆ ಒತ್ತಿಕೊಂಡು ನಿಂತಿರುವುದೂ ಆಗಲೇ ಕಾಣುವುದು.

ಹೀಗೆ ಉಳಿದ ಪ್ರದೇಶದಲ್ಲಿ ಜಮೀನು ಹುಡುಕುವಾಗ ಉತಾರ (ಪಹಣಿ) ಮತ್ತು ಸಿಟಿಎಸ್ (ನಗರ ಸರ್ವೆ) ದಾಖಲೆಗಳೆರಡನ್ನೂ ತೆಗೆಸಬೇಕು. ದಂಡು ಪ್ರದೇಶದ (ಕಂಟೋನ್ಮೆಂಟ್) ಜಾಗ ಪಾಲಿಕೆಯ ಕೈಯಲ್ಲಿಲ್ಲವಾದ್ದರಿಂದ ಅದನ್ನು ಮೊದಲೇ ಬಿಟ್ಟುಬಿಡುವುದು ಲೇಸು. ಬಳಕೆ ತಪ್ಪಿದ ಪಾಲಿಕೆಯ ಹಳೆಯ ಕಟ್ಟಡಗಳು, ಇಲಾಖೆಗಳ ಖಾಲಿ ವಸತಿಗೃಹಗಳು, ಹತ್ತಿಪ್ಪತ್ತು ಗುಂಟೆಯ ತುಂಡು ಜಾಗಗಳು ಊರ ಹೊರಗಿನ ಹತ್ತು ಎಕರೆಗಿಂತ ಹೆಚ್ಚು ಪ್ರಯೋಜನಕ್ಕೆ ಬಂದಾವು.

ಭೂ ಉಪಯೋಗ ಬದಲಿಸಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ (ಬುಡಾ) ಮೂಲಕ ಹೋಗಬೇಕು. ಪ್ರಭಾವ ವಲಯದಲ್ಲಿ ಅನುಮತಿಸಿದ, ಅಂದರೆ ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂದು ಹೇಳುವ ಎಫ್‌ಎಆರ್‌ನಲ್ಲಿ ಕನಿಷ್ಠ 30 ಪ್ರತಿಶತವನ್ನು 60 ಚದರ ಮೀಟರ್‌ವರೆಗಿನ ಮನೆಗಳಿಗೆ ಮೀಸಲಿಡುವುದು ಒಳಿತೆಂದು 2017ರ ನೀತಿ ಹೇಳುತ್ತದೆ. ಈ ಷರತ್ತಿಲ್ಲದೆ ಎಫ್‌ಎಆರ್ ಹೆಚ್ಚಿಸಿದರೆ ಮುಖ್ಯರಸ್ತೆಯ ಉದ್ದಕ್ಕೂ ಮಂಗಲ ಕಾರ್ಯಾಲಯ ಮತ್ತು ಶೋರೂಮುಗಳೇ ಏಳುತ್ತವೆ. ಎತ್ತರಕ್ಕೆ ಒಪ್ಪಿಗೆ ಕೊಡುವ ಮುನ್ನ ಒಳಚರಂಡಿಯ ಕೊಳವೆಯ ಅಳತೆಯನ್ನೂ ರಕ್ಕಸಕೊಪ್ಪ, ಹಿಡಕಲ್‌ಗಳಿಂದ ಬರುವ ನೀರಿನಲ್ಲಿ ಆ ವಾರ್ಡಿಗೆ ಸಿಗುವ ಪಾಲನ್ನೂ ನೋಡಿಕೊಳ್ಳಬೇಕು.

ಫಲಾನುಭವಿಗಳ ಕಸುಬನ್ನು ಕೇಳದೆ ಮನೆಯ ನಕ್ಷೆ ಬರೆಸಬಾರದು. ವಡಗಾವಿ, ಖಾಸಬಾಗಗಳ ನೇಕಾರರ ಮನೆಯಲ್ಲಿ ಮಗ್ಗವೇ ನಡುಮನೆ: ಒಂದು ಬದಿಗೆ ಒಲೆ, ಇನ್ನೊಂದು ಬದಿಗೆ ವಿದ್ಯುತ್ ಮಗ್ಗ, ಅದರ ಸದ್ದಿನಲ್ಲೇ ಮಕ್ಕಳ ಓದು. ಆ ಕುಟುಂಬಕ್ಕೆ ಮೂರನೇ ಮಹಡಿಯಲ್ಲಿ 30 ಚದರ ಮೀಟರಿನ ಮನೆ ಕೊಟ್ಟರೆ ಮಗ್ಗ ಎಲ್ಲಿ ಹೂಡಬೇಕು? ಅಂಥವರಿಗೆ ಇದ್ದ ಜಾಗದಲ್ಲೇ ಮನೆ ಕಟ್ಟಿಕೊಳ್ಳಲು ನೆರವು ಕೊಟ್ಟು, ನಿಲ್ದಾಣದ ಬಳಿಯ ಬಹುಮಹಡಿ ಮನೆಗಳನ್ನು ಹೊರಗೆ ದುಡಿಯಲು ಹೋಗುವವರಿಗೆ ಇಡಬೇಕು. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವುದು, ಸರ್ಕಾರಿ, ಖಾಸಗಿ ಸಂಸ್ಥೆಗಳ ಪಾಲುದಾರಿಕೆಯಲ್ಲಿ ಕಟ್ಟಿದ ಮನೆ, ಬಾಡಿಗೆ ಮನೆ ಎಲ್ಲಕ್ಕೂ ಅವಕಾಶವಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವುಳ್ಳವರು ಆರ್ಥಿಕವಾಗಿ ದುರ್ಬಲ ವರ್ಗಕ್ಕೆ, 3ರಿಂದ 6 ಲಕ್ಷದವರು ಕಡಿಮೆ ಆದಾಯ ವರ್ಗಕ್ಕೆ ಸೇರುತ್ತಾರೆ. ಕಟ್ಟಡ ಮುಗಿಯುವವರೆಗೆ ಹಳೆಯ ಬಾಡಿಗೆ, ಹೊಸ ವಂತಿಗೆ ಎರಡನ್ನೂ ಕಟ್ಟಲಾರದವರೇ ಹೆಚ್ಚಿರುವುದರಿಂದ ನಿಲ್ದಾಣದ ಹತ್ತಿರ ಒಂದಿಷ್ಟು ಬಾಡಿಗೆ ಮನೆಗಳು ಇರಲೇಬೇಕು.

ಕೊನೆಯದಾಗಿ, ಗುತ್ತಿಗೆದಾರನಿಗೆ ಕಾರ್ಯಾದೇಶ ಕೊಡುವ ಮೊದಲೇ ಪಾಲಿಕೆ, ಬುಡಾ ಮತ್ತು ಸಾರಿಗೆ ವಿಭಾಗದ ಅಧಿಕಾರಿಗಳು ಕೂತು, ಯಾವ ವೇಳೆಗೆ ಯಾವ ಬಸ್ಸು ಬರಬೇಕೆಂಬುದನ್ನು ಬರಹದಲ್ಲಿ ಒಪ್ಪಿಕೊಳ್ಳಬೇಕು. ನಷ್ಟದ ಟ್ರಿಪ್ಪುಗಳ ಖರ್ಚನ್ನು ಮೊದಲ ಎರಡು ವರ್ಷ ಪಾಲಿಕೆ ಭರಿಸುವುದಾದರೆ ಅದನ್ನೂ ಅದರಲ್ಲೇ ಬರೆಯಬೇಕು. ಬೀಗದ ಕೈ ಹಂಚಿದ ಮೇಲಿನ ಮೊದಲ ಮಳೆಗಾಲದಲ್ಲಿ ಒಂದು ವಾರ ಒಬ್ಬ ಸಿಬ್ಬಂದಿಯನ್ನು ಆ ನಿಲ್ದಾಣದಲ್ಲಿ ನಿಲ್ಲಿಸಿ, ಬೆಳಗಿನ ಮೊದಲ ಬಸ್ಸು ಹತ್ತಿದವರನ್ನೂ ರಾತ್ರಿಯ ಕೊನೆಯ ಬಸ್ಸಿನಿಂದ ಇಳಿದವರನ್ನೂ ಎಣಿಸಿ, ಆ ಎಣಿಕೆಯನ್ನು ಮುಂದಿನ ಸಾಮಾನ್ಯ ಸಭೆಯ ಮುಂದಿಡಬೇಕು.