ಸೋಯಾ ಹಿಟ್ಟಲ್ಲಿ ಜಿಎಂ ಇದೆಯಾ ಅಂತ ನೋಡೋದು ಹೇಗೆ?

ಜಿಎಂ, ಅಂದ್ರೆ ಕುಲಾಂತರಿ ಬೆಳೆ, ಅದರ ಟೆಸ್ಟ್ ಅಂದ್ರೆ ಎಲ್ರೂ ಪಿಸಿಆರ್ ಮಷಿನ್ (ಬೇಕಾದ ಡಿಎನ್ಎ ತುಣುಕನ್ನ ಪ್ರತಿ ಮೇಲೆ ಪ್ರತಿ ಮಾಡಿ ತೋರ್ಸೋ ಮಷಿನ್) ಬಗ್ಗೆನೇ ಮಾತಾಡ್ತಾರೆ. ಕೆಲಸ ಕೆಡೋದು ಅಲ್ಲಲ್ಲ, ಅದಕ್ಕೂ ಮುಂಚೆ ಡಿಎನ್ಎ ತೆಗೆಯೋವಾಗ. ಡಿಎನ್ಎನೇ ಸರಿಯಾಗಿ ಬರ್ಲಿಲ್ಲ ಅಂದ್ರೆ ಮಷಿನ್‌ಗೆ ಏನೂ ಕಾಣಲ್ಲ, ಅದನ್ನೇ ಹುಡುಗರು 'ಜಿಎಂ ಇಲ್ಲ' ಅಂತ ರಿಪೋರ್ಟಲ್ಲಿ ಬರೆದುಬಿಡ್ತಾರೆ.

ಸ್ಯಾಂಪಲ್ ಮೊದ್ಲು. ಸಾವಿರಕ್ಕೊಂದು ಜಿಎಂ ಕಾಳಿದ್ರೂ ಸಿಗಬೇಕು ಅಂದ್ರೆ 3,000 ಕಾಳಾದ್ರೂ ಬೇಕು, ಆಗ್ಲೂ 95% ಅಷ್ಟೇ ಖಾತ್ರಿ. ಮೂಟೆ ಮೇಲಿಂದ ಒಂದು ಹಿಡಿ ತಂದ್ರೆ ಲೆಕ್ಕಕ್ಕಿಲ್ಲ. ಎಲ್ಲಾ ನುಣ್ಣಗೆ ಪುಡಿ ಮಾಡಿ ಬೆರೆಸಿ, ಪ್ರತಿ ಸಲ ಜಾರ್ ಬ್ಲೀಚ್ ಹಾಕಿ ತೊಳೀರಿ. ರಿಫೈನ್ಡ್ ಎಣ್ಣೆ ತಂದವ್ರಿಗೆ ಕಾಳು ತನ್ನಿ ಅನ್ನಿ, ಎಣ್ಣೆಯಲ್ಲಿ ಡಿಎನ್ಎ ಉಳಿದಿರೋದೇ ಅಪರೂಪ.

ಈಗ ಅಸಲಿ ಕೆಲಸ. 200 ಮಿಲಿಗ್ರಾಂ ಪುಡಿಗೆ ಸಿಟ್ಯಾಬ್ ಬಫರ್ (ಜೀವಕೋಶ ಒಡೆದು ಡಿಎನ್ಎ ಹೊರಗೆ ತರೋ ಸೋಪಿನಂಥ ದ್ರಾವಣ) ಹಾಕಿ 65 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಸೋಯಾ ಹಿಟ್ಟು ಬಫರ್ ಹೀರ್ಕೊಂಡು ಗಂಟಾಗುತ್ತೆ, ಹಾಗಾದ್ರೆ ಒಳಗಿನ ಹಿಟ್ಟಿಗೆ ಬಫರ್ ತಾಗೋದೇ ಇಲ್ಲ, ಅದಕ್ಕೇ ಜಿಪುಣತನ ಬೇಡ, ಜಾಸ್ತಿನೇ ಹಾಕಿ, ಆಗಾಗ ಅಲ್ಲಾಡಿಸ್ತಾ ಇರಿ. ಆಮೇಲೆ ಪ್ರೋಟೀನ್ ಬೇರೆ ಮಾಡೋಕೆ ಕ್ಲೋರೋಫಾರ್ಮ್, ಆವಿ ಹೊರಗೆಳೆಯೋ ಫ್ಯೂಮ್ ಹುಡ್ ಒಳಗೇ. ಸೆಂಟ್ರಿಫ್ಯೂಜ್ ಆದ್ಮೇಲೆ ಮಧ್ಯೆ ಬಿಳಿ ಪದರ ಕಾಣುತ್ತಲ್ಲ, ಅದು ಪ್ರೋಟೀನು, ಮುಟ್ಟಲೇಬೇಡಿ. ಡಿಎನ್ಎ ಇರೋ ಮೇಲಿನ ನೀರನ್ನೂ ಪೂರ್ತಿ ಎಳೀಬೇಡಿ, ಸ್ವಲ್ಪ ಬಿಟ್ರೆ ನಷ್ಟ ಇಲ್ಲ, ಬಿಳಿ ಪದರ ಸೇರಿದ್ರೆ ಮುಂದಿನದೆಲ್ಲಾ ಹಾಳು. ನನ್ನ ಪ್ರಕಾರ ಕ್ಲೋರೋಫಾರ್ಮ್ ಎರಡು ಸಲ ಮಾಡ್ಲೇಬೇಕು. ಐಸೋಪ್ರೊಪನಾಲ್ ಹಾಕಿ ಡಿಎನ್ಎ ಕೂರಿಸಿ, 70% ಎಥನಾಲ್‌ನಲ್ಲಿ ತೊಳೆದು ಒಣಗಿಸಿ. ಎಥನಾಲ್ ಉಳಿದ್ರೆ ಪಿಸಿಆರ್ ನಡೆಯಲ್ಲ, ತೀರಾ ಒಣಗಿಸಿದ್ರೆ ಕರಗಲ್ಲ.

ಡಿಎನ್ಎ ತೆಗೆಯೋ ಅಗ್ಗದ ಕಾಲಮ್ ಕಿಟ್‌ಗಳು ಹಸಿ ಹಿಟ್ಟಿಗೆ ಪರ್ವಾಗಿಲ್ಲ, ಸಾಸ್‌ಗೋ ಹುರಿದ ಪದಾರ್ಥಕ್ಕೋ ದುಡ್ಡು ದಂಡ. ಸ್ಟ್ರಿಪ್ ಟೆಸ್ಟ್ ಹಿಡಿಯೋದು ಪ್ರೋಟೀನನ್ನ, ಬೇಯಿಸಿದ ಮಾಲಿಗೆ ನಂಬಬೇಡಿ.

260/280 ರೇಷಿಯೋ (ಡಿಎನ್ಎ ಎಷ್ಟು ಶುದ್ಧ ಅಂತ ಬೆಳಕಿನಿಂದ ಅಳೆಯೋ ಲೆಕ್ಕ) 1.8 ಬಂತು ಅಂತ ಕುಣಿಯೋರು ಬೇಕಾದಷ್ಟು ಜನ. ಅದನ್ನ ನಂಬೋ ಬದ್ಲು ಡಿಎನ್ಎನ ಹತ್ತು ಪಟ್ಟು ತೆಳು ಮಾಡಿ ಲೆಕ್ಟಿನ್ ಜೀನ್ ಪಿಸಿಆರ್ ಹಾಕಿ. ಸಿಟಿ, ಅಂದ್ರೆ ಸಿಗ್ನಲ್ ಕಾಣೋಕೆ ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ, ಸುಮಾರು 3.3 ಏರಬೇಕು. ಏರದೆ ಅಲ್ಲೇ ನಿಂತ್ರೆ ಪಿಸಿಆರ್ ತಡೆಯೋ ಕಸ ಇನ್ನೂ ಇದೆ ಅಂತ, ವಾಪಸ್ ಕ್ಲೋರೋಫಾರ್ಮ್‌ಗೆ ಹೋಗಿ. ಲೆಕ್ಟಿನ್ ಎಲ್ಲಾ ಸೋಯಾದಲ್ಲೂ ಇರೋ ಜೀನು, ಅದೇ ಬರದೆ ಇದ್ರೆ ನಿಮ್ಮ ನೆಗೆಟಿವ್ ನೆಗೆಟಿವ್ ಅಲ್ಲ.

ಆಮೇಲಿಂದು ಸುಲಭ. ಜಿಎಂ ಬೆಳೆಗಳಿಗೆ ಸಾಮಾನ್ಯವಾಗಿ ಸೇರಿಸೋ 35ಎಸ್ ಪ್ರೊಮೋಟರ್, ನಾಸ್ ಟರ್ಮಿನೇಟರ್ (ಜೀನ್ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಹೇಳೋ ಡಿಎನ್ಎ ತುಣುಕುಗಳು) ಹುಡುಕಿ, ಜೊತೆಗೆ ಬ್ಲ್ಯಾಂಕು (ಸ್ಯಾಂಪಲ್ ಇಲ್ಲದ್ದು), ಪಾಸಿಟಿವ್ ಕಂಟ್ರೋಲು (ಜಿಎಂ ಇದೆ ಅಂತ ಗೊತ್ತಿರೋದು). ಆದ್ರೆ ಮಾನ್ 89788 ಅನ್ನೋ ಜಿಎಂ ಸೋಯಾದಲ್ಲಿ ಇವೆರಡೂ ಇಲ್ಲ, ಅದಕ್ಕೆ ಬೇರೇನೇ ಟೆಸ್ಟ್ ಮಾಡ್ಬೇಕು. ಸಾಸಿವೆ, ಕೋಸಿನಲ್ಲಿ ಉಲ್ಟಾ ತಾಪತ್ರಯ, 35ಎಸ್ ಬಂದಿರೋದೇ ಹೂಕೋಸಿನ ವೈರಸ್‌ನಿಂದ, ಗಿಡಕ್ಕೆ ಆ ರೋಗ ಇದ್ರೂ ಪಾಸಿಟಿವ್ ತೋರ್ಸುತ್ತೆ.

ಪಾಸಿಟಿವ್ ಬಂದ್ರೆ ಶೇಕಡಾ ಲೆಕ್ಕ: ಜಿಎಂ ಕಾಪಿಗಳನ್ನ ಲೆಕ್ಟಿನ್ ಕಾಪಿಗಳಿಂದ ಭಾಗಿಸಿ ನೂರರಿಂದ ಗುಣಿಸಿ. ನಮ್ಮಲ್ಲಿ 2021ರ ಮಾರ್ಚ್‌ನಿಂದ ಸೋಯಾ ಸೇರಿ 24 ಬೆಳೆಗಳ ಆಮದಿಗೆ 1% ಮಿತಿ, ಯುರೋಪಿನಲ್ಲಿ ಲೇಬಲ್‌ಗೆ 0.9%. ರಿಪೋರ್ಟಲ್ಲಿ 'ಜಿಎಂ ಫ್ರೀ' ಅಂತ ಬರೀಬೇಡಿ, ಯಾವ್ಯಾವ ಟಾರ್ಗೆಟ್ ಹುಡುಕಿದ್ವಿ, ಎಷ್ಟು ಕಮ್ಮಿ ಇದ್ರೂ ಸಿಗುತ್ತೆ ಅನ್ನೋದನ್ನ ಬರೀರಿ.