ಲೈಬ್ರರಿ ಡಿಜಿಟಲ್ ಮಾಡ್ಬೇಕಾ? ಮೊದ್ಲು ಕ್ಯಾಟಲಾಗ್ ಹಿಡ್ಕೊಳ್ಳಿ, ಸ್ಕ್ಯಾನರ್ ಆಮೇಲೆ

ಲೈಬ್ರರಿನ ಡಿಜಿಟಲ್ ಮಾಡೋಣ ಅಂತ ಕೂತ್ರೆ ಮೊದ್ಲು ಬರೋ ಮಾತೇ ಸ್ಕ್ಯಾನರ್ ತರ್ಸೋಣ, ಟ್ಯಾಬ್ ತರ್ಸೋಣ ಅಂತ. ಅದೆಲ್ಲ ಆಮೇಲೆ. ನಿಮ್ಮ ಕಪಾಟಲ್ಲಿ ಏನಿದೆ ಅಂತ ಮನೇಲಿ ಕೂತಿರೋ ಓದುಗರಿಗೆ ಫೋನಲ್ಲೇ ಗೊತ್ತಾಗ್ಬೇಕು, ಆ ಪುಸ್ತಕಪಟ್ಟಿನೇ ಕ್ಯಾಟಲಾಗ್, ಅಲ್ಲಿಂದ ಶುರು ಮಾಡಿ.

ಇದಕ್ಕೆ ಕೋಹಾ ಅಂತ ಫ್ರೀ ಸಾಫ್ಟ್‌ವೇರ್ ಇದೆ. ಹಳೇ ಸಿಸ್ಟಮ್ಮು 2000ನೇ ಇಸವಿ ದಾಟಲ್ಲ ಅಂತ ಗೊತ್ತಾದಾಗ ನ್ಯೂಜಿಲೆಂಡಿನ ಒಂದು ಲೈಬ್ರರಿ ಟ್ರಸ್ಟ್ ಮಾಡಿಸ್ಕೊಂಡಿದ್ದು ಇದು, ಈಗ ಎಷ್ಟೋ ದೇಶದ ಲೈಬ್ರರಿಗಳಲ್ಲಿದೆ. ಫ್ರೀ ಅಂದ್ರೆ ಖರ್ಚೇ ಇಲ್ಲ ಅಂತಲ್ಲ, ಸರ್ವರ್ ಬೇಕು, ಅದನ್ನ ನೋಡ್ಕೊಳ್ಳೋರು ಒಬ್ರು ಬೇಕೇ ಬೇಕು.

ಎಂಟ್ರಿ ಮಾಡುವಾಗ ರಿಜಿಸ್ಟರ್ ತೆಗೆದು ಒಂದನೇ ನಂಬರಿಂದ ಹೊರಟ್ರೆ ಅರ್ಧ ದಾರೀಲೇ ಸುಸ್ತಾಗ್ತೀರ. ಅದರ ಬದ್ಲು ಕೌಂಟರಿಗೆ ವಾಪಸ್ ಬಂದ ಪುಸ್ತಕನ ಅವತ್ತೇ ಎಂಟ್ರಿ ಮಾಡಿ ಬಾರ್‌ಕೋಡ್ ಅಂಟ್ಸಿ, ಆಗ ಜನ ನಿಜವಾಗ್ಲೂ ಓದೋ ಪುಸ್ತಕಗಳೇ ಮೊದ್ಲು ಆನ್‌ಲೈನಲ್ಲಿ ಬರ್ತವೆ, ಮೂಲೇಲಿರೋವು ನಿಧಾನಕ್ಕೆ ಬರ್ಲಿ. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡೋ ಗುರುತಿನ ನಂಬರ್) ಇದ್ರೆ ಎಲ್ಲಾ ಟೈಪ್ ಮಾಡೋ ಅಗತ್ಯ ಇಲ್ಲ, ಬೇರೆ ಲೈಬ್ರರಿ ಮಾಡಿಟ್ಟಿರೋ ಮಾರ್ಕ್ 21 ರೆಕಾರ್ಡ್ (ಲೈಬ್ರರಿಗಳು ಪುಸ್ತಕದ ವಿವರ ಬರೆದಿಡೋ ಒಂದೇ ತರದ ನಮೂನೆ) ಸಿಕ್ಕಿದ್ರೆ ಅದನ್ನೇ ಎಳ್ಕೊಳ್ಬೋದು. 1970ಕ್ಕಿಂತ ಹಳೇವಕ್ಕೆ ಸಾಮಾನ್ಯವಾಗಿ ಆ ನಂಬರ್ ಇರಲ್ಲ, ಅವನ್ನ ಕೈಯಲ್ಲೇ ಹಾಕ್ಬೇಕು. ಇನ್ನೊಂದು, ಪುಸ್ತಕ ಯಾವ ಲಿಪೀಲಿದ್ಯೋ ಅದೇ ಲಿಪೀಲಿ, ಯೂನಿಕೋಡಲ್ಲೇ (ಎಲ್ಲಾ ಕಂಪ್ಯೂಟರು, ಫೋನಿಗೂ ಅರ್ಥವಾಗೋ ಅಕ್ಷರ ಸಂಕೇತ) ಹೆಸರು ಹಾಕಿ. ಹಳೇ ಫಾಂಟಲ್ಲಿ ಹಾಕಿದ್ರೆ ಕಣ್ಣಿಗೆ ಕಾಣತ್ತೆ ಆದ್ರೆ ಸರ್ಚಲ್ಲಿ ಸಿಗಲ್ಲ, ಸಿಗದೇ ಇದ್ರೆ ಮಾಡಿದ ಕೆಲ್ಸ ಎಲ್ಲಾ ದಂಡ.

ಈಗ ಸ್ಕ್ಯಾನಿಂಗ್. ಎಲ್ಲಾ ಕಡೆ ಸಿಗೋ ಪುಸ್ತಕನ ಸ್ಕ್ಯಾನ್ ಮಾಡ್ಬೇಡಿ, ಇಂಟರ್ನೆಟ್ ಆರ್ಕೈವ್ ಅನ್ನೋ ಫ್ರೀ ಡಿಜಿಟಲ್ ಲೈಬ್ರರೀಲಿ ಮೊದ್ಲೇ ಇದ್ಯಾ ನೋಡಿ. ನಿಮ್ಮಲ್ಲಿ ಮಾತ್ರ ಇರೋದು, ಸ್ಮರಣ ಸಂಚಿಕೆ, ಕೈಬರಹ, ನಿಂತುಹೋದ ಪತ್ರಿಕೆಗಳು, ಅವು ಹೋದ್ರೆ ಹೋದ್ವು, ಅದಕ್ಕೇ ಅವಕ್ಕೆ ಮೊದಲ ಸರದಿ. ಕಾಪಿರೈಟ್ ಮುಗಿದಿದ್ಯಾ ಅಂತ ಖಚಿತ ಮಾಡ್ಕೊಳ್ಳಿ, ಲೇಖಕರು ತೀರ್ಕೊಂಡ ಮೇಲೆ ಸಾಮಾನ್ಯವಾಗಿ ಕಡಿಮೆ ಅಂದ್ರೂ 50 ವರ್ಷ ಇರತ್ತೆ, ಎಷ್ಟೋ ದೇಶಗಳಲ್ಲಿ ಇನ್ನೂ ಜಾಸ್ತಿ. ಸ್ಕ್ಯಾನ್ 300 ಡಿಪಿಐಗಿಂತ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಕಡಿಮೆ ಬೇಡ, ಅಕ್ಷರ ಸಣ್ಣಗಿದ್ರೆ 400 ಇಡಿ. ಕಾಪಾಡೋಕೆ ಟಿಫ್ (ಗುಣಮಟ್ಟ ಕಳ್ಕೊಳ್ಳದ ಚಿತ್ರದ ಫೈಲ್), ಓದೋಕೆ ಪಿಡಿಎಫ್. ಪುಸ್ತಕನ ಬೋರಲು ಹಾಕಿ ಒತ್ತಿದ್ರೆ ಬೈಂಡಿಂಗ್ ಕಿತ್ತುಬರತ್ತೆ, ಮೇಲಿಂದ ಫೋಟೋ ತೆಗೆಯೋ ತರದ ಸ್ಕ್ಯಾನರ್ ವಾಸಿ. ಮೂರು ಕಾಪಿ ಇಡಿ, ಒಂದು ಬೇರೆ ಕಟ್ಟಡದಲ್ಲಿರ್ಲಿ.

ಇ-ಬುಕ್ ಚಂದಾ ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಚಂದಾ ನಿಲ್ಸಿದ್ ಮೇಲೆ ನಮ್ಮ ಹತ್ರ ಏನು ಉಳಿಯತ್ತೆ?

ಇನ್ನು ಕಂಪ್ಯೂಟರ್ ಇಟ್ಟು ಸುಮ್ಮನಾಗ್ಬೇಡಿ. ಅರ್ಜಿ ತುಂಬೋಕೆ ಬರೋರಿಗೆ ಎಷ್ಟೋ ಸಲ ಮೌಸ್ ಹಿಡಿಯೋಕೂ ಹಿಂಜರಿಕೆ ಇರತ್ತೆ, ವಾರದಲ್ಲಿ ಇಂಥಾ ಹೊತ್ತು ಅಂತ ನಿಗದಿ ಮಾಡಿ ಸಿಬ್ಬಂದಿ ಒಬ್ರು ಪಕ್ಕದಲ್ಲಿ ಕೂತು ಹೇಳ್ಕೊಡ್ಬೇಕು, ಟೈಪ್ ಮಾತ್ರ ಅವರ ಕೈಯಲ್ಲೇ ಮಾಡಿಸ್ಬೇಕು. ಅವರು ಎದ್ದು ಹೋಗೋ ಮುಂಚೆ ಲಾಗೌಟ್ ಆಗಿದ್ಯಾ, ಡೌನ್‌ಲೋಡ್ ಆದ ಗುರುತಿನ ಚೀಟಿ ಫೈಲ್ ಅಳಿಸಿದ್ಯಾ, ರೀಸೈಕಲ್ ಬಿನ್ ಖಾಲಿ ಆಗಿದ್ಯಾ ಅಂತ ಅವರ ಎದುರಿಗೇ ನೋಡಿ.