ಸೋದರಮಾವನ ಸ್ಟೀರಿಯೊ ರಿಸೀವರನ್ನು ಸರಿಪಡಿಸಿದ ಬಗೆ

ಪಾಂಡವಪುರದ ಸೋದರಮಾವನ ಮನೆಯ ಅಟ್ಟದಲ್ಲಿ ಹದಿನೈದು ವರ್ಷಗಳಿಂದ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಸ್ಟೀರಿಯೊ ರಿಸೀವರನ್ನು, ಅಂದರೆ ರೇಡಿಯೊ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಉಪಕರಣವನ್ನು, ಹೋದ ವರ್ಷ ನಾನು ಮೈಸೂರಿಗೆ ತಂದೆ. ಮಾವ ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗ, 1978ರಲ್ಲಿ, ಕೊಂಡು ತಂದದ್ದು, ಜಪಾನಿನಲ್ಲಿ ತಯಾರಾದದ್ದು, ಒಂದೊಂದು ಚಾನೆಲ್‌ಗೆ 30 ವಾಟ್ ಶಕ್ತಿಯದ್ದು. ಅದು ಕೆಟ್ಟಾಗ ಯಾರೋ ಒಬ್ಬ ರಿಪೇರಿಯವರು ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯ ತುಂಡೊಂದನ್ನು ಸುತ್ತಿ ಹಿಂದಿರುಗಿಸಿದ್ದರು. ಆ ತಂತಿಯನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಫ್ಯೂಸು ಸುಡಬೇಕಾದ ಕಡೆ ಸುಡದಿದ್ದರೆ ಸುಡುವುದು ಟ್ರಾನ್ಸ್‌ಫಾರ್ಮರ್, ಮತ್ತು ಇಂಥ ರಿಸೀವರಿನಲ್ಲಿ ಬದಲಿ ಸಿಗುವುದು ಬಹಳ ಕಷ್ಟವಾದ ಭಾಗವೆಂದರೆ ಅದೇ.

ಮುಚ್ಚಳ ತೆಗೆದಾಗ ಒಣಗಿದ ಹಲ್ಲಿಯ ಅಸ್ಥಿಪಂಜರ, ಜಿರಲೆಯ ಮೊಟ್ಟೆಗಳ ಸಿಪ್ಪೆ, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ದಪ್ಪನೆಯ ಧೂಳು ಕಂಡವು. ಮೆತ್ತನೆಯ ಬ್ರಷ್ಷಿನಿಂದ ಅವನ್ನೆಲ್ಲ ತೆಗೆಯಲು ಒಂದು ಸಂಜೆ ಹಿಡಿಯಿತು. ಹಿಂಬದಿಯ ವೋಲ್ಟೇಜ್ ಸ್ವಿಚ್ಚು 220ರಲ್ಲಿತ್ತು. ನಮ್ಮ ಒಂಟಿಕೊಪ್ಪಲಿನ ಮನೆಯಲ್ಲಿ ರಾತ್ರಿ ಹೊತ್ತು 245 ವೋಲ್ಟ್‌ವರೆಗೂ ಬರುವುದನ್ನು ಅಳೆದು ನೋಡಿದ್ದರಿಂದ ಅದನ್ನು 240ಕ್ಕೆ ಬದಲಿಸಿ, ತಂತಿಯನ್ನು ಕಿತ್ತು, ಸರಿಯಾದ ಆಂಪಿಯರಿನ ಗಾಜಿನ ಫ್ಯೂಸು ಹಾಕಿದೆ.

ಇಷ್ಟಾದರೂ ನೇರವಾಗಿ ಪ್ಲಗ್ಗಿಗೆ ಚುಚ್ಚಲಿಲ್ಲ. ಹಳೆಯ ರೇಡಿಯೊ ರಿಪೇರಿಯವರ ಮೇಜಿನ ಮೇಲೆ ಈಗಲೂ ಇರುವ ಸೀರೀಸ್ ಬಲ್ಬನ್ನು ನಾನೂ ಮಾಡಿಕೊಂಡಿದ್ದೇನೆ: ಫೇಸ್ ತಂತಿಯ ದಾರಿಯಲ್ಲಿ 60 ವಾಟ್‌ನ ತಂತಿ ಸುರುಳಿಯ ಬಲ್ಬು. ಉಪಕರಣದೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಕರೆಂಟನ್ನು ತಡೆಯುತ್ತದೆ. ಇಲ್ಲದಿದ್ದರೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್‌ಗಳು ತುಂಬುವಷ್ಟು ಹೊತ್ತು ಬೆಳಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ನಮ್ಮ ರಿಸೀವರಿನಲ್ಲಿ ಬಲ್ಬು ಮಂಕಾಯಿತು, ಡಯಲಿನ ದೀಪಗಳು ಹೊತ್ತಿಕೊಂಡವು, ಆದರೆ ನಾಲ್ಕೈದು ಸೆಕೆಂಡಿನ ನಂತರ ಕೇಳಬೇಕಾದ ರಿಲೇಯ ‘ಟಕ್’ ಎಂಬ ಸದ್ದು ಕೇಳಲಿಲ್ಲ.

ತಾನಾಗಿಯೇ ಕೆಲಸ ಮಾಡುವ ಸ್ವಿಚ್ಚಾದ ಈ ರಿಲೇ ಸ್ಪೀಕರಿನ ಕಾವಲುಗಾರ. ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್ ಇದ್ದರೆ ಅದು ಸ್ಪೀಕರಿನ ಸುರುಳಿಯನ್ನು ಸುಡಬಹುದಾದ್ದರಿಂದ ರಿಲೇ ಸ್ಪೀಕರಿಗೆ ಸಂಪರ್ಕವನ್ನೇ ಕೊಡುವುದಿಲ್ಲ. ರಿಲೇಗಿಂತ ಮೊದಲಿನ ಬಿಂದುವಿನಲ್ಲಿ ಮಲ್ಟಿಮೀಟರ್ ಇಟ್ಟಾಗ ಎಡ ಚಾನೆಲ್ 18 ಮಿಲಿವೋಲ್ಟ್ ತೋರಿಸಿತು, ಬಲ ಚಾನೆಲ್ 2.1 ವೋಲ್ಟ್. 50 ಮಿಲಿವೋಲ್ಟ್‌ನೊಳಗೆ ಇದ್ದರೆ ಚಿಂತೆಯಿಲ್ಲ, 2.1 ವೋಲ್ಟ್ ಎಂದರೆ ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಹೀಗಾದಾಗ ಹೆಚ್ಚಿನವರು ಮೊದಲು ಟ್ರಾನ್ಸಿಸ್ಟರ್‌ಗಳನ್ನು ಕಿತ್ತುಹಾಕುತ್ತಾರೆ, ಇಲ್ಲವೇ ಎಲ್ಲ ಕೆಪಾಸಿಟರ್‌ಗಳನ್ನೂ ಒಟ್ಟಿಗೆ ಬದಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದೋಷ ಎಲ್ಲಿತ್ತು ಎಂಬುದು ತಿಳಿಯದೆಯೇ ಹೋಗುತ್ತದೆ, ಜೊತೆಗೆ ನಮ್ಮ ಕೈಯಿಂದ ಹೊಸದೊಂದು ದೋಷ ಸೇರಿಕೊಂಡರೆ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ. ಒಳ್ಳೆಯ ಚಾನೆಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಕೆಟ್ಟದ್ದನ್ನು ಬಿಂದು ಬಿಂದುವಾಗಿ ಹೋಲಿಸಿ ನೋಡುವ ಅನುಕೂಲವನ್ನು ಸ್ಟೀರಿಯೊ ತಾನಾಗಿಯೇ ಕೊಡುತ್ತದೆ. ಹಾಗೆ ಹೋಲಿಸುತ್ತ ಹೋದಾಗ, ಔಟ್‌ಪುಟ್‌ನ ಒಂದು ಪಾಲನ್ನು ಒಳಕ್ಕೆ ಮರಳಿಸಿ ಆಂಪ್ಲಿಫೈಯರನ್ನು ಹತೋಟಿಯಲ್ಲಿಡುವ ಫೀಡ್‌ಬ್ಯಾಕ್ ಹಾದಿಯ ಕೆಪಾಸಿಟರಿನ ಬಳಿ ವ್ಯತ್ಯಾಸ ಕಂಡಿತು. ಅದರ ಬುಡದಲ್ಲಿ, ಕಾರ್ಖಾನೆಯಲ್ಲೇ ಹಾಕಿದ್ದ ಅಂಟು, ಓಲೆಬೆಲ್ಲದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಭಾಗಗಳು ಅಲುಗಾಡದಿರಲೆಂದು ಆ ಕಾಲದ ಜಪಾನಿ ಉಪಕರಣಗಳಲ್ಲಿ ಹಾಕುತ್ತಿದ್ದ ಈ ಅಂಟು ಹೊಸದರಲ್ಲಿ ತಿಳಿ ಹಳದಿಯಾಗಿದ್ದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ದಶಕಗಳ ಬಿಸಿಗೆ ಕಂದಾದ ಮೇಲೆ ಹರಿಯಗೊಡುತ್ತದೆ, ತಾಗಿದ ತಂತಿಗಳನ್ನೂ ತಿನ್ನುತ್ತದೆ. ಕೆಪಾಸಿಟರನ್ನು ತೆಗೆದ ಮೇಲೂ ಅದರ ಎರಡು ರಂಧ್ರಗಳ ನಡುವೆ ಮೀಟರು 1.2 ಕಿಲೋಓಮ್ ತೋರಿಸಿತು, ಮೀಟರಿನ ಕಡ್ಡಿಗಳನ್ನು ಅದಲುಬದಲು ಮಾಡಿದರೂ ಅಷ್ಟೇ. ಡಿಸಿಯನ್ನು ತಡೆಯಬೇಕಾದ ಜಾಗದಲ್ಲಿ ಅಂಟೇ ದಾರಿ ಮಾಡಿಕೊಟ್ಟಿದ್ದರಿಂದ ಆಂಪ್ಲಿಫೈಯರು ತನ್ನೊಳಗಿನ ಸಣ್ಣ ಅಸಮತೋಲನವನ್ನೂ ಇಪ್ಪತ್ತು ಪಟ್ಟಿಗೂ ಹೆಚ್ಚಿಸಿ ಹೊರಗೆ ಕಳಿಸುತ್ತಿತ್ತು.

ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಿಂದ ಚೂರುಚೂರಾಗಿ ಕೆರೆದು ತೆಗೆದೆ. ಲೋಹದ ಚೂಪು ಉಪಯೋಗಿಸಿದರೆ ಬೋರ್ಡಿನ ತಾಮ್ರದ ಗೆರೆ ಏಳುತ್ತದೆ. ಹೊಸ ಕೆಪಾಸಿಟರು ಹಾಕಿ, ಅಂಟು ತಿಂದಿದ್ದ ಒಂದು ರೆಸಿಸ್ಟರನ್ನೂ ಬದಲಿಸಿದ ಮೇಲೆ ಬಲ ಚಾನೆಲ್ 14 ಮಿಲಿವೋಲ್ಟಿಗೆ ಇಳಿಯಿತು, ರಿಲೇ ‘ಟಕ್’ ಎಂದಿತು. ಟ್ರಾನ್ಸಿಸ್ಟರ್ ಒಂದನ್ನೂ ಬದಲಿಸಬೇಕಾಗಲಿಲ್ಲ.

ಸ್ಪೀಕರು ಜೋಡಿಸಿದಾಗ ಸಣ್ಣಗೆ ಗುಂಯ್‌ಗುಡುವ ಸದ್ದಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಉಳಿಯುವ, 100 ಹರ್ಟ್ಸಿನ ಸದ್ದಾದರೆ ಅದು ಸಾಮಾನ್ಯವಾಗಿ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳ ಒಣಗುವಿಕೆಯಿಂದ ಬರುವುದು. 6800 ಮೈಕ್ರೊಫ್ಯಾರಡ್‌ನ ಆ ಎರಡೂ ಕೆಪಾಸಿಟರ್‌ಗಳ ತಾಳಿಕೆ 35 ವೋಲ್ಟ್ ಮಾತ್ರವಿತ್ತು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಅಳತೆಯ 50 ವೋಲ್ಟಿನವನ್ನು ತಂದು ಹಾಕಿದೆ. ಹಳೆಯವನ್ನು ಬಿಚ್ಚುವ ಮುನ್ನ 100 ಓಮ್, 5 ವಾಟ್‌ನ ರೆಸಿಸ್ಟರಿನ ಮೂಲಕ ಖಾಲಿ ಮಾಡಿದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು.

ಬಯಾಸ್, ಅಂದರೆ ಸದ್ದಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು, ಹೊಂದಿಸುವಾಗ ನನ್ನಿಂದಲೇ ತಪ್ಪಾಯಿತು. ಎಮಿಟರ್ ರೆಸಿಸ್ಟರಿನ ಎರಡು ತುದಿಗೆ ಮೀಟರಿನ ಕಡ್ಡಿಗಳನ್ನು ಕೈಯಲ್ಲೇ ಹಿಡಿದಿದ್ದೆ; ಒಂದು ಜಾರಿ ಪಕ್ಕದ ಟ್ರಾನ್ಸಿಸ್ಟರಿನ ಕಾಲಿಗೆ ತಾಗಿತು. ಸೀರೀಸ್ ಬಲ್ಬು ಭಗ್ಗೆಂದು ಪೂರ್ತಿ ಉರಿಯಿತು. ಅದು ಇರದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ಆ ಕ್ಷಣದಲ್ಲೇ ಹೋಗುತ್ತಿತ್ತು. ಅಂದಿನಿಂದ ಕರೆಂಟು ಆರಿಸಿಯೇ ಕ್ಲಿಪ್ಪು ಸಿಕ್ಕಿಸಿ, ಕೈ ಹಿಂದಕ್ಕೆ ತೆಗೆದ ಮೇಲೆ ಸ್ವಿಚ್ಚು ಹಾಕುತ್ತೇನೆ.

ರೇಡಿಯೊ ಭಾಗವಾದ ಟ್ಯೂನರಿನ ಐಎಫ್ (ಮಧ್ಯಂತರ ಆವರ್ತನದ) ಸುರುಳಿಗಳನ್ನು ಮುಟ್ಟಲಿಲ್ಲ. ಸಿಗ್ನಲ್ ಜನರೇಟರ್ ಇಲ್ಲದೆ ಅವುಗಳ ತಿರುಪು ತಿರುಗಿಸುವುದು ಸರಿಯಿದ್ದದ್ದನ್ನು ಕೆಡಿಸಿದಂತೆ. ಒಂದು ತಂತಿಯನ್ನೇ ಆಂಟೆನಾ ಮಾಡಿ ಮೊದಲು ಹಿಡಿದದ್ದು 100.6 ಮೆಗಾಹರ್ಟ್ಸಿನ ಮೈಸೂರು ಆಕಾಶವಾಣಿಯನ್ನು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದ ಈ ಊರಿನಲ್ಲಿ ಬೇರೆ ಕೇಂದ್ರದಿಂದ ಪರೀಕ್ಷೆ ಶುರುಮಾಡಲು ನನಗೆ ಮನಸ್ಸಾಗಲಿಲ್ಲ.

ಮರುವಾರ ಮಾವ ಬಂದರು. ಟ್ಯೂನಿಂಗ್ ಗುಂಡಿಯನ್ನು ಎರಡು ಬೆರಳಿನಿಂದ ಒಮ್ಮೆ ತಳ್ಳಿ ಬಿಟ್ಟಾಗ, ಒಳಗಿನ ಭಾರದ ಚಕ್ರದ ಬಲಕ್ಕೆ ಮುಳ್ಳು 88ರಿಂದ 108ರವರೆಗೂ ತಾನೇ ಜಾರಿತು. “ಹಿಂಗೇ ತಿರುಗ್ತಿತ್ತು ಕಣಪ್ಪ ಆವಾಗ್ಲೂ,” ಎಂದರು. ಸ್ವಲ್ಪ ಹೊತ್ತು ಕೇಳಿದ ಮೇಲೆ ಅವರೇ, ಎಡಗಡೆಯ ಸದ್ದು ಆಗಾಗ ಕುಗ್ಗುತ್ತಿದೆಯೆಂದು ಹೇಳಿದರು. ವಾಲ್ಯೂಮ್ ಏರಿಸಿದರೆ ಸರಿಹೋಗುತ್ತಿತ್ತು, ಇಳಿಸಿದರೆ ಮತ್ತೆ ಕುಗ್ಗುತ್ತಿತ್ತು. ರಿಲೇಯ ಕವಚ ಬಿಚ್ಚಿ ನೋಡಿದಾಗ ಎಡಗಡೆಯ ಸಂಪರ್ಕ ಬಿಂದುಗಳು ಕಪ್ಪಾಗಿದ್ದವು. ಅದೇ ಅಳತೆಯ 24 ವೋಲ್ಟ್ ರಿಲೇ ಈಗ ಅಂಚೆಯಲ್ಲಿ ಬರಬೇಕಿದೆ.